ಮರಲ್‌ಗೆ ರಬ್ಬರ್ ಕಪ್ಪೆ: ಎರಡು ಮಳೆಗಾಲ ಬಳಸಿದ ಮೇಲೆ

ಮರಲ್ ಅಂದರೆ ಹಾವಿನಂಥ ತಲೆಯ ಸಿಹಿನೀರಿನ ಬೇಟೆಗಾರ ಮೀನು; ಅದನ್ನು ಗಾಳದಲ್ಲಿ ಹಿಡಿಯಲು ಕಪ್ಪೆಯ ಆಕಾರದ ಈ ಲೂರ್, ಅಂದರೆ ಹುಸಿ ಎರೆ. ಪಾಕೀಟಿನಿಂದ ತೆಗೆದ ಹಾಗೇ ಕಟ್ಟಿ ಎಸೆದರೆ ಐದರಲ್ಲಿ ಎರಡು ಸ್ಟಾರ್. ಹತ್ತು ನಿಮಿಷ ಕೂತು ತಿದ್ದಿಕೊಂಡರೆ ನಾಲ್ಕು. ಐದನೆಯದು ಯಾಕಿಲ್ಲ ಅನ್ನುವುದು ಬೇಸಿಗೆಯಲ್ಲಿ ಗೊತ್ತಾಗುತ್ತದೆ.

ಉದ್ದ 5.5 ಸೆಂ.ಮೀ., ತೂಕ 12 ಗ್ರಾಂ. ಒಳಗೆ ಟೊಳ್ಳು, ಬೆನ್ನಿಗೆ ಅಂಟಿಕೊಂಡ ಜೋಡಿ ಕೊಕ್ಕೆ, ಹಿಂದೆ ರಬ್ಬರ್ ಎಳೆಗಳ ಕಾಲು. ಬೆಣ್ಣೆತೊರಾ ಹಿನ್ನೀರಿನ ಮುಳುಗಿದ ಜಾಲಿಯಲ್ಲಿ, ಕಾರಂಜಾ ಜಲಾಶಯದ ಜೊಂಡಿನ ಅಂಚಿನಲ್ಲಿ ಬೇರೆ ಲೂರ್ ಎರಡನೇ ಎಸೆತಕ್ಕೇ ಸಿಕ್ಕಿಕೊಳ್ಳುತ್ತದೆ. ಇದು ಎಲೆಯ ಮೇಲೆ ಜಾರಿ ಬರುತ್ತದೆ. ಕೊಡುವ ರೊಕ್ಕವೆಲ್ಲ ಈ ಒಂದು ಗುಣಕ್ಕೆ.

ಅಂಗಡಿಯಲ್ಲಿ ಬಣ್ಣ ಆಮೇಲೆ ನೋಡಿ, ಮೊದಲು ಹೆಬ್ಬೆರಳು ತೋರುಬೆರಳ ನಡುವೆ ಮೈ ಒತ್ತಿ. ಕೊಕ್ಕೆಯ ಮೊನೆ ಥಟ್ಟನೆ ಹೊರಬರಬೇಕು. ಮೈ ಗಟ್ಟಿಯಿದ್ದರೆ ಮೀನು ಕಚ್ಚುತ್ತದೆ, ಉಗುಳುತ್ತದೆ, ಕೊಕ್ಕೆ ಬಾಯಿಗೆ ತಾಗುವುದೇ ಇಲ್ಲ. ಬೀದರಿನ ಚಳಿಗಾಲದ ಮುಂಜಾನೆ ಒಳ್ಳೆಯ ರಬ್ಬರೂ ಬಿಗಿಯುತ್ತದೆ. ಅಂಗೈಯಲ್ಲಿ ಎರಡು ನಿಮಿಷ ಹಿಡಿದರೆ ಸಾಕು.

ತಿದ್ದುವುದು ಹೀಗೆ. ಪಕ್ಕಡದಿಂದ ಎರಡೂ ಮೊನೆಗಳನ್ನು 2 ಮಿ.ಮೀ. ಮೇಲೆತ್ತಿ. ಇನ್ನೂ ಎತ್ತಿದರೆ ಮೀನಿಗಿಂತ ಕಳೆಯೇ ಹೆಚ್ಚು ಬೀಳುತ್ತದೆ. ಕಾಲಿನ ಎಳೆಗಳು ಉದ್ದವಾಗಿ ಬರುತ್ತವೆ, ಮರಲ್ ಅದನ್ನಷ್ಟೇ ಹಿಡಿದು ಬಿಡುತ್ತದೆ, 4 ಸೆಂ.ಮೀ.ಗೆ ಕತ್ತರಿಸಿ. ಎರಡೂ ಸಮ ಇರಲಿ, ಇಲ್ಲದಿದ್ದರೆ ಕಪ್ಪೆ ಒಂದೇ ಕಡೆ ಎಳೆಯುತ್ತದೆ. ಮೂತಿಯಲ್ಲಿ ಕೊಕ್ಕೆಯ ಕಡ್ಡಿ ಹೊರಬರುವ ತೂತಿನಿಂದ ನೀರು ನುಗ್ಗುತ್ತದೆ. ಅಲ್ಲಿಗೆ ಒಂದು ಹನಿ ಫೆವಿಕ್ವಿಕ್, ಒಂದೇ ಹನಿ. ಹೆಚ್ಚಾದರೆ ಮೂತಿ ಕಲ್ಲಾಗುತ್ತದೆ. ಅಷ್ಟಾದರೂ ಹತ್ತು ಎಸೆತಕ್ಕೊಮ್ಮೆ ಹಿಂಡಿ ನೀರು ತೆಗೆಯಲೇಬೇಕು.

ಜೊಂಡಿನಲ್ಲಿ 40 ಪೌಂಡ್ ತಾಳುವ ಬ್ರೇಡ್ ಲೈನ್ (ಹೆಣೆದ ದಾರ) ನೇರವಾಗಿ ಕಟ್ಟಿ, ದಾರ ಇಮ್ಮಡಿಸಿ ಹಾಕುವ ಪಾಲೋಮಾರ್ ಗಂಟು. ಕಾಗಿಣಾ, ಭೀಮಾ ನದಿಗಳ ಶಹಾಬಾದ್ ಕಲ್ಲಿನ ಹಾಸಿನ ಮೇಲೆ ಇದು ನಡೆಯದು: ಪದರ ಕಲ್ಲಿನ ಅಂಚಿಗೆ ಉಜ್ಜಿದರೆ ಬ್ರೇಡ್ ಕತ್ತರಿಸಿ ಹೋಗುತ್ತದೆ. ಅಲ್ಲಿ ಮುಂದಕ್ಕೆ ಎರಡು ಅಡಿ ಉದ್ದದ ದಪ್ಪ ಮೋನೋ (ಒಂಟಿ ಎಳೆಯ ನೈಲಾನ್ ದಾರ) ಸೇರಿಸಿ. ಫ್ಲೋರೋಕಾರ್ಬನ್ ದಾರ ಬೇಡ, ಅದು ಮುಳುಗುತ್ತದೆ, ಕಪ್ಪೆಯ ಮೂತಿಯನ್ನೂ ಕೆಳಗೆಳೆಯುತ್ತದೆ.

ಮರಲ್ ಗಾಳಿ ಕುಡಿಯಲು ಮೇಲೆ ಬರುವ ಮೀನು. ಗುಳ್ಳೆ, ಉಂಗುರ ಎದ್ದಲ್ಲಿ ತಲೆಯ ಮೇಲೇ ಎಸೆದರೆ ಓಡಿತು. ಎರಡು ಮೀಟರ್ ಆಚೆ ಬೀಳಿಸಿ, ಸಣ್ಣ ಜಗ್ಗಿನಲ್ಲಿ ತಂದು, ಎಲೆಗಳ ನಡುವಿನ ಖಾಲಿ ನೀರಲ್ಲಿ ಮೂರು ಸೆಕೆಂಡ್ ನಿಲ್ಲಿಸಿ. ಹೊಡೆತದ ಸದ್ದಿಗೆ ರಾಡ್ ಎತ್ತಬೇಡಿ. ಇಲ್ಲೇ ಎಲ್ಲರೂ ತಪ್ಪುವುದು. ಸಡಿಲ ಲೈನ್ ಸುತ್ತಿಕೊಳ್ಳಿ, ಭಾರ ಕೈಗೆ ತಾಗಿದ ಮೇಲೆ ಜೋರಾಗಿ ಎಳೆಯಿರಿ. ಡ್ರ್ಯಾಗ್ (ರೀಲಿನಿಂದ ದಾರ ಜಾರದಂತೆ ತಡೆಯುವ ಬಿರಿ) ಪೂರ್ತಿ ಬಿಗಿ ಇರಲಿ, ಇಲ್ಲದಿದ್ದರೆ ಮೀನು ಬೇರುಗಳೊಳಗೆ ಹೊಕ್ಕುಬಿಡುತ್ತದೆ.

ಮಳೆಗಾಲದಲ್ಲಿ ಕರಿಮಣ್ಣಿನ ನೀರು ಚಹಾದಂತೆ ಇರುವಾಗ ಕಪ್ಪು ಕಪ್ಪೆ: ಕೆಳಗಿನಿಂದ ಆಕಾಶಕ್ಕೆ ಎದುರಾಗಿ ಅದರ ನೆರಳು ಎದ್ದು ಕಾಣುತ್ತದೆ. ತಿಳಿನೀರಿಗೆ ಮಾಸಲು ಹಸಿರು. ಬೆನ್ನಿನ ಚುಕ್ಕಿ ಚಿತ್ತಾರವೆಲ್ಲ ಕೊಳ್ಳುವವನಿಗೆ, ಮೀನು ನೋಡುವುದು ಹೊಟ್ಟೆಯನ್ನು.

ನೀರಿನ ಮೇಲೆ ಕೆಂಪು ಮರಿಗಳ ಹಿಂಡು ಕಂಡರೆ ಎಸೆಯಬೇಡಿ. ಕಾವಲಿರುವ ಮೀನು ಹಸಿವಿಗಲ್ಲ, ಸಿಟ್ಟಿಗೆ ಕಚ್ಚುತ್ತದೆ. ಅದನ್ನು ಎತ್ತಿದರೆ ಮರಿಗಳು ಬೇರೆ ಮೀನಿನ ಪಾಲು. ಕೆರೆಯಾದರೆ ಗುತ್ತಿಗೆ ಹಿಡಿದವರನ್ನು ಕೇಳಿಯೇ ಇಳಿಯಿರಿ.

ಭೀಮೆಯ ಮಡುವಿನ ಬಾಳೆ ಮೀನಿಗೆ ಇದು ಕೆಲಸಕ್ಕೆ ಬಾರದು. ಅದು ತಳದಲ್ಲಿ, ಹೆಚ್ಚಾಗಿ ರಾತ್ರಿ ತಿರುಗುವುದು; 20 ಗ್ರಾಂ ಮೇಲ್ಪಟ್ಟ ಸ್ಪೂನ್ (ಚಮಚದಾಕಾರದ ಲೋಹದ ಲೂರ್) ಬೇಕು.

ಇನ್ನು ಕಳೆದುಕೊಂಡ ಸ್ಟಾರ್. ಕಲಬುರಗಿಯ ಮೇ ಬಿಸಿಲಲ್ಲಿ ಬೈಕಿನ ಡಿಕ್ಕಿಯಲ್ಲಿ ಬಿಟ್ಟರೆ ಮೈ ಚಪ್ಪಟೆಯಾಗಿ ಕೊಕ್ಕೆ ಹೊರಗೇ ನಿಲ್ಲುತ್ತದೆ, ಬಣ್ಣ ಒಂದರದು ಇನ್ನೊಂದಕ್ಕೆ ಹತ್ತುತ್ತದೆ. ರಬ್ಬರ್ ಹುಳುಗಳ (ಹುಳುವಿನಾಕಾರದ ಮೆತ್ತನೆಯ ಲೂರ್) ಜೊತೆ ಒಂದೇ ಖಾನೆಯಲ್ಲಿಟ್ಟರೆ ಎರಡೂ ಕರಗಿ ಅಂಟು. ಎರಡನೇ ಮಳೆಗಾಲಕ್ಕೆ ಕೊಕ್ಕೆಯ ಲೇಪ ಹೋಗಿ ತುಕ್ಕು ಬಂತು; ಮರಲ್ ಬಾಯಿ ಎಲುಬಿನದು, ಮೊಂಡು ಮೊನೆ ಇಳಿಯುವುದಿಲ್ಲ, ಪ್ರತಿ ಸಲ ಅರ ಹಾಕಬೇಕು. ಮುಂದಿನ ಸಲವೂ ಇದನ್ನೇ ಕೊಳ್ಳುವುದು: ಕಪ್ಪು ಎರಡು, ಹಸಿರು ಒಂದು.