ಅಲಾಸ್ಕಾಕ್ಕೆ ಆರ್‌ವಿ ಪ್ರವಾಸ: ಮನೆಯಿಂದಲೇ ಓಡಿಸಿಕೊಂಡು ಹೋಗುವುದೋ, ಆಂಕರೇಜ್‌ನಲ್ಲಿ ಬಾಡಿಗೆಗೆ ಹಿಡಿಯುವುದೋ?

ಅಲಾಸ್ಕಾಕ್ಕೆ ನಾವು ಎರಡು ಬೇಸಿಗೆಗಳಲ್ಲಿ ಎರಡು ಬಗೆಯಾಗಿ ಹೋಗಿ ಬಂದಿದ್ದೇವೆ. 2023ರಲ್ಲಿ ನಾನು, ಹೆಂಡತಿ ಮತ್ತು ಮಗಳು ಸಿಯಾಟಲ್ ಸಮೀಪದ ನಮ್ಮ ಮನೆಯಿಂದಲೇ, ಹಳೆಯದೆಂದು ಅಗ್ಗಕ್ಕೆ ಸಿಕ್ಕಿದ್ದ 24 ಅಡಿಯ ಸ್ವಂತ ಆರ್‌ವಿಯಲ್ಲಿ (ಅಡುಗೆ, ಮಲಗುವ ಜಾಗ, ಬಚ್ಚಲು ಎಲ್ಲವೂ ಒಳಗೇ ಇರುವ ಗಾಡಿ) ಕೆನಡಾವನ್ನು ದಾಟಿ ಹೋಗಿ 42 ದಿನಗಳ ನಂತರ ಮರಳಿದೆವು. ಆ ಚಳಿಗಾಲದಲ್ಲಿ ಗಾಡಿಯನ್ನು ಮಾರಿದ್ದರಿಂದ, 2024ರಲ್ಲಿ ತೀರ್ಥಹಳ್ಳಿಯಿಂದ ಬಂದಿದ್ದ ಅಪ್ಪ-ಅಮ್ಮನನ್ನೂ ಕರೆದುಕೊಂಡು ವಿಮಾನದಲ್ಲಿ ಆಂಕರೇಜ್‌ಗೆ ಹೋಗಿ, ಅಲ್ಲಿ 28 ಅಡಿಯ ಆರ್‌ವಿಯೊಂದನ್ನು ಬಾಡಿಗೆಗೆ ಪಡೆದು 12 ದಿನ ಸುತ್ತಿದೆವು. ಯಾವುದು ಒಳ್ಳೆಯದೆಂದು ಕೇಳುವ ಸ್ನೇಹಿತರು ಸಾಮಾನ್ಯವಾಗಿ ಖರ್ಚಿನಿಂದ ಲೆಕ್ಕ ಶುರುಮಾಡುತ್ತಾರೆ. ನನ್ನ ಅನುಭವದಲ್ಲಿ ಮೊದಲು ಎಣಿಸಬೇಕಾದದ್ದು ಕೈಯಲ್ಲಿರುವ ದಿನಗಳನ್ನು, ಅದಕ್ಕೂ ಮುಂಚೆ ಜೊತೆಗೆ ಬರುವವರ ಪಾಸ್‌ಪೋರ್ಟುಗಳನ್ನು.

ಪಾಸ್‌ಪೋರ್ಟಿನ ಮಾತನ್ನು ಮೊದಲು ಮುಗಿಸುತ್ತೇನೆ. ಅಲಾಸ್ಕಾ ಅಮೆರಿಕದ ರಾಜ್ಯವಾದರೂ ರಸ್ತೆಯಲ್ಲಿ ಹೋಗುವವರು ಕೆನಡಾವನ್ನು ಪ್ರವೇಶಿಸಲೇಬೇಕು. ನಮ್ಮ ಮೂವರ ಬಳಿ ಗ್ರೀನ್ ಕಾರ್ಡ್ ಇದ್ದುದರಿಂದ ಅದನ್ನೂ ಭಾರತೀಯ ಪಾಸ್‌ಪೋರ್ಟನ್ನೂ ತೋರಿಸಿದರೆ ಸಾಕಾಯಿತು. ಪ್ರವಾಸಿ ವೀಸಾದಲ್ಲಿ ಬಂದಿದ್ದ ಅಪ್ಪ-ಅಮ್ಮನಿಗೆ ಕೆನಡಾದ ವೀಸಾವನ್ನು ಪ್ರತ್ಯೇಕವಾಗಿ ಮಾಡಿಸಬೇಕಾಗಿತ್ತು. ಸಿಯಾಟಲ್‌ನಿಂದ ಆಂಕರೇಜ್‌ಗೆ ವಿಮಾನವು ಮೂರೂವರೆ ಗಂಟೆಯ ದೇಶದೊಳಗಿನ ಪ್ರಯಾಣವಾದ್ದರಿಂದ ಆ ಗೋಜೇ ಇರಲಿಲ್ಲ. ಊರಿನಿಂದ ಹಿರಿಯರನ್ನು ಕರೆಸಿಕೊಂಡು ಹೊರಡುವವರಿಗೆ ಈ ಒಂದು ವಿಷಯವೇ ಉಳಿದ ಹೋಲಿಕೆಯನ್ನೆಲ್ಲ ಅನವಶ್ಯಕವಾಗಿಸಬಹುದು.

ಇನ್ನು ದೂರ. ಅಲಾಸ್ಕಾ ಹೆದ್ದಾರಿಯು ಕೆನಡಾದ ಬ್ರಿಟಿಷ್ ಕೊಲಂಬಿಯಾದ ಡಾಸನ್ ಕ್ರೀಕ್‌ನಿಂದ ಅಲಾಸ್ಕಾದ ಡೆಲ್ಟಾ ಜಂಕ್ಷನ್‌ವರೆಗೆ ಸುಮಾರು 2,200 ಕಿಲೋಮೀಟರ್ ಇದೆ. ಆದರೆ ಸಿಯಾಟಲ್‌ನಿಂದ ಅದರ ಸೊನ್ನೆ ಮೈಲಿಯ ಕಲ್ಲನ್ನು ಮುಟ್ಟುವುದಕ್ಕೇ ಸುಮಾರು 1,300 ಕಿಲೋಮೀಟರ್ ಸವೆಸಬೇಕು ಎಂಬುದನ್ನು ನಕ್ಷೆ ನೋಡುವಾಗ ನಾವು ಹಗುರವಾಗಿ ತೆಗೆದುಕೊಂಡಿದ್ದೆವು. 1942ರಲ್ಲಿ, ಪರ್ಲ್ ಹಾರ್ಬರ್ ದಾಳಿಯ ಮರುವರ್ಷ, ಅಮೆರಿಕದ ಸೈನ್ಯವು ಸುಮಾರು ಎಂಟೇ ತಿಂಗಳಲ್ಲಿ ಕಡಿದ ದಾರಿ ಇದು. ಈಗ ಪೂರ್ತಿ ಡಾಂಬರಾಗಿದ್ದರೂ ಬೇಸಿಗೆಯಲ್ಲಿ ಅಲ್ಲಲ್ಲಿ ರಿಪೇರಿ ನಡೆಯುತ್ತಲೇ ಇರುತ್ತದೆ. ಅಂಥ ಕಡೆ ಜಲ್ಲಿಯ ಮೇಲೆ ಲಾರಿಯ ಹಿಂದೆ ಹೋಗುವವರು ಮುಂಗಾಜಿನ ಆಸೆಯನ್ನು ಬಿಡುವುದೇ ಲೇಸು. ನಮ್ಮ ಗಾಜಿಗೆ ಎರಡು ಕಡೆ ಕಲ್ಲು ಬಡಿಯಿತು.

ಆದರೂ ಫೋರ್ಟ್ ನೆಲ್ಸನ್‌ನಿಂದ ವಾಟ್ಸನ್ ಲೇಕ್‌ವರೆಗಿನ ಐನೂರು ಚಿಲ್ಲರೆ ಕಿಲೋಮೀಟರ್‌ಗೆ ಸಮನಾದ ರಸ್ತೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ರಸ್ತೆಯ ಉಪ್ಪನ್ನು ನೆಕ್ಕಲು ಬರುವ ಕಾಡುಕುರಿಗಳು, ದಾರಿಗೆ ಅಡ್ಡ ನಿಂತು ಹಾರ್ನ್ ಮಾಡಿದರೂ ಕದಲದ ಕಾಡೆಮ್ಮೆಯಂಥ ಬೈಸನ್‌ಗಳು, ಮಂಚೋ ಸರೋವರದ ನೀಲಿಹಸಿರು ನೀರು, ಅದನ್ನು ದಾಟಿದರೆ ಲಿಯರ್ಡ್ ನದಿಯ ಬಿಸಿನೀರಿನ ಬುಗ್ಗೆ. ಕಾಡಿನ ನಡುವೆ ಹಲಗೆಯ ದಾರಿಯಲ್ಲಿ ನಡೆದುಹೋಗಿ, ಹಂಡೆಯಲ್ಲಿ ಕಾಯಿಸಿದಂತಿದ್ದ ಆ ನೀರಿನಲ್ಲಿ ಕುಳಿತ ಮೇಲೆ, ಮೂರು ದಿನದಿಂದ ಆರ್‌ವಿಯ ಬಚ್ಚಲಲ್ಲಿ ಎರಡೆರಡು ನಿಮಿಷದ ಸ್ನಾನ ಮಾಡುತ್ತಿದ್ದ ನಮಗೆ ಅಲ್ಲಿಂದ ಏಳಲು ಮನಸ್ಸಾಗಲಿಲ್ಲ. ವಾಟ್ಸನ್ ಲೇಕ್‌ನಲ್ಲಿ, ಮನೆಯ ನೆನಪಾದ ಸೈನಿಕನೊಬ್ಬ 1942ರಲ್ಲಿ ತನ್ನೂರಿನ ಫಲಕ ನೆಟ್ಟದ್ದರಿಂದ ಆರಂಭವಾದ ಊರಹೆಸರುಗಳ ಕಾಡೇ ಇದೆ. ಮಗಳು ರಟ್ಟಿನ ಮೇಲೆ ಕನ್ನಡದಲ್ಲಿ ‘ತೀರ್ಥಹಳ್ಳಿ’ ಎಂದು ಬರೆದು ಅಲ್ಲಿಯೇ ಮೊಳೆ ಹೊಡೆದು ಬಂದಳು. ವಿಮಾನದಲ್ಲಿ ಹೋದವರಿಗೆ ಇವು ಯಾವುವೂ ಇಲ್ಲ.

ಕೆನಡಾದ ಯುಕಾನ್ ಪ್ರಾಂತ್ಯದ ಡಿಸ್ಟ್ರಕ್ಷನ್ ಬೇ ದಾಟಿದ ಮೇಲೆ ಅಲಾಸ್ಕಾದ ಗಡಿಯವರೆಗಿನ ರಸ್ತೆಯ ಬಗ್ಗೆ ಮಾತ್ರ ಎಚ್ಚರ ಬೇಕು. ಕೆಳಗಿರುವ ಸದಾ ಹೆಪ್ಪುಗಟ್ಟಿದ ನೆಲವು ಡಾಂಬರಿನ ಬಿಸಿಗೆ ಕರಗಿ ಕುಸಿಯುವುದರಿಂದ ರಸ್ತೆ ಅಲೆಯಲೆಯಾಗಿರುತ್ತದೆ. ಎಂಬತ್ತು ಕಿಲೋಮೀಟರ್ ವೇಗದಲ್ಲಿ ಅಂಥದೊಂದು ಅಲೆಯನ್ನು ಏರಿಳಿದ ಹೊಡೆತಕ್ಕೆ ಮೇಲಿನ ಕಪಾಟಿನ ಬಾಗಿಲು ತೆರೆದುಕೊಂಡು ಒಗ್ಗರಣೆ ಡಬ್ಬಿ ಕೆಳಗೆ ಬಿತ್ತು. ಅರಿಶಿನವನ್ನು ಒರೆಸಿದೆವು, ಜೀರಿಗೆಯನ್ನು ಗುಡಿಸಿದೆವು. ಸಾಸಿವೆ ಮಾತ್ರ ಪ್ರವಾಸ ಮುಗಿಯುವವರೆಗೂ ಹಾಸಿಗೆಯಲ್ಲಿ, ಚಪ್ಪಲಿಯಲ್ಲಿ, ಗಾಡಿ ಮಾರುವ ಹಿಂದಿನ ದಿನ ಸೀಟಿನ ಸಂದಿಯಲ್ಲಿ ಸಿಗುತ್ತಲೇ ಇತ್ತು. ಅದೇ ದಿನ ಗಡಿಯಲ್ಲಿ ಕರಿಬೇವನ್ನೂ ಕಳೆದುಕೊಂಡೆವು. ಹೊರಟ ದಿನ ವ್ಯಾಂಕೂವರ್ ಪಕ್ಕದ ಸರ್ರೆಯ ಅಂಗಡಿಯಲ್ಲಿ ಕೊಂಡಿದ್ದ ಕಟ್ಟು ಅದು. ನಿಂಬೆ ಜಾತಿಯ ಗಿಡಗಳಿಗೆ ರೋಗ ಹರಡುವ ಕೀಟವು ಹಸಿ ಕರಿಬೇವಿನಲ್ಲಿ ಬರಬಹುದೆಂದು ಅಮೆರಿಕದೊಳಗೆ ಅದನ್ನು ಬಿಡುವುದಿಲ್ಲ. ಅಧಿಕಾರಿ ಸೌಜನ್ಯದಿಂದಲೇ ವಿವರಿಸಿ ಚೀಲವನ್ನು ತೆಗೆದುಕೊಂಡರು. ಒಣಗಿಸಿಕೊಂಡು ಹೋಗಬೇಕೆಂದು ನೀವು ಯೋಚಿಸುವ ಮುಂಚೆ, ಮನೆಯಿಂದ ಚಟ್ನಿಪುಡಿ ಮಾಡಿಕೊಂಡು ಹೋಗುವುದು ಉತ್ತಮ ಎಂದು ಹೇಳಿಬಿಡುತ್ತೇನೆ.

ಹಿಂದಿರುಗುವಾಗ ಬೇರೆ ದಾರಿ ಹಿಡಿದೆವು. ಚಿಕನ್ ಎಂಬ ಪುಟ್ಟ ಊರಿನಿಂದ ಬೆಟ್ಟಗಳ ನೆತ್ತಿಯ ಮೇಲೆಯೇ ಸಾಗುವ ಟಾಪ್ ಆಫ್ ದ ವರ್ಲ್ಡ್ ಹೆದ್ದಾರಿಯಲ್ಲಿ ಡಾಸನ್ ಸಿಟಿಗೆ ಬಂದು, ಉಚಿತ ಫೆರ್ರಿಯಲ್ಲಿ ಯುಕಾನ್ ನದಿಯನ್ನು ದಾಟಿ, ವೈಟ್‌ಹಾರ್ಸ್ ಮೂಲಕ ಕ್ಯಾಸಿಯರ್ ಹೆದ್ದಾರಿಗೆ ಇಳಿದೆವು. ವಾಟ್ಸನ್ ಲೇಕ್‌ಗೆ ಸ್ವಲ್ಪ ಪಶ್ಚಿಮದಲ್ಲಿ ಕವಲೊಡೆಯುವ ಈ ರಸ್ತೆಯು ಅಲಾಸ್ಕಾ ಹೆದ್ದಾರಿಗಿಂತ ಕಿರಿದು. ಅಂಚಿನಲ್ಲಿ ಗಾಡಿ ನಿಲ್ಲಿಸಲು ಜಾಗವಿಲ್ಲದ ಕಡೆಗಳೇ ಹೆಚ್ಚು, ಉತ್ತರದ ತುದಿಯಲ್ಲಿ ನಡುಗೆರೆಯೂ ಇಲ್ಲ. ಕವಲಿನಿಂದ ಡೀಸ್ ಲೇಕ್‌ವರೆಗೆ ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಪೆಟ್ರೋಲ್ ನೆಚ್ಚಿಕೊಳ್ಳುವಂತಿಲ್ಲ. ಆದರೆ ಕರಡಿಗಳನ್ನು ಅತಿ ಹೆಚ್ಚು ಕಂಡದ್ದು ಇಲ್ಲಿಯೇ, ಮತ್ತು ಇದರ ಪಕ್ಕದಾರಿಯಲ್ಲಿ ಸ್ಟೂವರ್ಟ್ ದಾಟಿ ಹೈಡರ್‌ಗೆ ಹೋದರೆ ಜುಲೈ ಕೊನೆಯಲ್ಲಿ ಹೊಳೆಯೇರುವ ಸಾಲ್ಮನ್ ಮೀನಿಗೆ ಕರಡಿ ಕಾಯುವುದನ್ನು ಅಟ್ಟಣೆಯ ಮೇಲೆ ನಿಂತು ನೋಡಬಹುದು. ದೊಡ್ಡ ಗಾಡಿಗೆ ಹೊಸಬರಾದವರು ಹೋಗುವಾಗ ಅಲಾಸ್ಕಾ ಹೆದ್ದಾರಿಯನ್ನೂ, ಕೈ ಕುದುರಿದ ಮೇಲೆ ಬರುವಾಗ ಕ್ಯಾಸಿಯರನ್ನೂ ಆಯ್ದುಕೊಳ್ಳುವುದು ಸರಿಯೆಂದು ನನ್ನ ಅಭಿಪ್ರಾಯ.

ಬಾಡಿಗೆ ಗಾಡಿಯ ಪ್ರವಾಸದಲ್ಲಿ ಇಂಥ ಆಯ್ಕೆಗಳು ಕಡಿಮೆ. ನಮ್ಮ ಕರಾರಿನಲ್ಲಿ ಡಾಲ್ಟನ್ ಹೆದ್ದಾರಿ, ಮೆಕಾರ್ಥಿ ರಸ್ತೆ ಮುಂತಾದ ಜಲ್ಲಿ ರಸ್ತೆಗಳಿಗೆಲ್ಲ ನಿಷೇಧವಿತ್ತು. ಹನ್ನೆರಡು ದಿನಗಳಲ್ಲಿ ಮೊದಲನೆಯದು ಗಾಡಿಯ ಪಾಠ ಕೇಳುವುದಕ್ಕೂ ದಿನಸಿ ಕೊಳ್ಳುವುದಕ್ಕೂ, ಕೊನೆಯದು ಗುಡಿಸಿ ಒರೆಸಿ, ಶೌಚದ ಟ್ಯಾಂಕನ್ನೂ ಬಚ್ಚಲ ನೀರಿನ ಟ್ಯಾಂಕನ್ನೂ ಖಾಲಿ ಮಾಡಿ ಒಪ್ಪಿಸುವುದಕ್ಕೂ ಹೋಯಿತು. ಅವರು ಕೊಟ್ಟ ಪಾತ್ರೆಗಳಲ್ಲಿ ಕುಕ್ಕರ್ ಇರುವುದಿಲ್ಲವೆಂದು ತಿಳಿದು ಅಮ್ಮ ತಮ್ಮ ಸೂಟ್‌ಕೇಸಿನಲ್ಲಿ ಮೂರು ಲೀಟರಿನ ಕುಕ್ಕರನ್ನು ಸೀರೆಯಲ್ಲಿ ಸುತ್ತಿ ತಂದಿದ್ದರು.

ಆದರೆ ಹಿರಿಯರಿಗೆ ಒಗ್ಗಿದ್ದು ಈ ಪ್ರವಾಸವೇ. ದಿನಕ್ಕೆ ಎರಡು ಮೂರು ಗಂಟೆಗಿಂತ ಹೆಚ್ಚು ಓಡಿಸಬೇಕಾಗಲಿಲ್ಲ. ಸಮುದ್ರದ ಅಂಚಿನಲ್ಲೇ ಸಾಗುವ ಸೀವರ್ಡ್ ಹೆದ್ದಾರಿ, ರಸ್ತೆಯಿಂದಲೇ ಕಾಣುವ ಮಟನುಸ್ಕಾ ಹಿಮನದಿ, ಹೋಮರ್‌ನ ಕಡಲಿಗೆ ಚಾಚಿದ ಮರಳದಿಬ್ಬ, ಎಲ್ಲವೂ ಆಂಕರೇಜ್‌ನಿಂದ ಒಂದು ದಿನದ ದಾರಿಯೊಳಗೆ ಸಿಗುತ್ತವೆ. ಅಮ್ಮನನ್ನು ಕಾಡಿದ್ದು ಬೇರೆಯೇ ಪ್ರಶ್ನೆ. ಜೂನ್ ನಡುವಿನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಹನ್ನೊಂದೂವರೆಯ ಹೊತ್ತಿಗೆ. “ಮುಸ್ಸಂಜೆಯೇ ಆಗೋದಿಲ್ವಲ್ಲೋ, ದೇವರಿಗೆ ದೀಪ ಹಚ್ಚೋದು ಯಾವಾಗ?” ಎಂದು ಮೊದಲ ದಿನ ಹತ್ತು ಗಂಟೆಯವರೆಗೆ ಕಾದರು. ಎರಡನೆಯ ದಿನದಿಂದ ಅಪ್ಪ ಗಡಿಯಾರ ನೋಡಿ ಏಳು ಗಂಟೆಗೆ ಕಿಟಕಿಯ ಪರದೆಗಳನ್ನೆಲ್ಲ ಎಳೆದು, “ಈಗ ಹಚ್ಚು” ಎನ್ನುತ್ತಿದ್ದರು.

ಖರ್ಚಿನ ಮಾತು. ಸ್ವಂತ ಗಾಡಿಯಲ್ಲಿ ಒಟ್ಟು 6,800 ಮೈಲಿ ಓಡಿಸಿದೆವು. ಗ್ಯಾಲನ್‌ಗೆ ಒಂಬತ್ತು ಮೈಲಿಯ ಲೆಕ್ಕದಲ್ಲಿ ಸುಮಾರು 755 ಗ್ಯಾಲನ್, ಅಂದರೆ 2,850 ಲೀಟರಿಗೂ ಮೇಲೆ ಪೆಟ್ರೋಲ್ ಸುಟ್ಟೆವು. ಆಂಕರೇಜ್‌ನಿಂದ ಸುತ್ತಿದ್ದು 1,300 ಮೈಲಿ, ಅದರ ಐದರಲ್ಲೊಂದು ಪಾಲೂ ಇಲ್ಲ. ಗಾಡಿ ಸ್ವಂತದ್ದಿದ್ದರೆ ಮಾತ್ರ ಮೊದಲನೆಯ ದಾರಿ ದಿನವೊಂದಕ್ಕೆ ಅಗ್ಗವಾಗುತ್ತದೆ. ಸಿಯಾಟಲ್‌ನಲ್ಲಿಯೇ ಬಾಡಿಗೆಗೆ ಹಿಡಿದು ಅಲಾಸ್ಕಾದವರೆಗೆ ಓಡಿಸುವ ಮೂರನೆಯ ಉಪಾಯವನ್ನು ಕೆಲವರು ಹೇಳುತ್ತಾರೆ. ದಿನದ ಬಾಡಿಗೆ, ಮೈಲಿಯ ಬಾಡಿಗೆ ಎರಡನ್ನೂ ತೆತ್ತು, ಅರ್ಧ ರಜೆಯನ್ನು ದಾರಿಯಲ್ಲೇ ಕಳೆಯುವ ಆ ಏರ್ಪಾಡಿನಲ್ಲಿ ನನಗೆ ಯಾವ ಲಾಭವೂ ಕಾಣುವುದಿಲ್ಲ. ನಾಲ್ಕು ವಾರಕ್ಕಿಂತ ಕಡಿಮೆ ಬಿಡುವಿರುವವರು ಓಡಿಸಿಕೊಂಡು ಹೋಗುವ ಯೋಚನೆಯನ್ನೇ ಬಿಡಬೇಕು.

ಎರಡೂ ಪ್ರವಾಸಗಳ ನಡುವಿನ ನಿಜವಾದ ಅಂತರ ನನಗೆ ತಿಳಿದದ್ದು ಡೆನಾಲಿಯ ಬಳಿ. 6,190 ಮೀಟರ್ ಎತ್ತರದ ಆ ಪರ್ವತ ಬೇಸಿಗೆಯಲ್ಲಿ ಹೆಚ್ಚಿನ ದಿನ ಮೋಡದೊಳಗೇ ಇರುತ್ತದೆ. 2023ರಲ್ಲಿ ಪಾರ್ಕ್ಸ್ ಹೆದ್ದಾರಿಯ ಕ್ಯಾಂಪ್‌ಗ್ರೌಂಡ್ ಒಂದರಲ್ಲಿ ಮೂರು ರಾತ್ರಿ ಮಳೆಯಲ್ಲಿ ಸುಮ್ಮನೆ ಕುಳಿತೆವು, ಮುಂದೆ ಓಡಬೇಕಾದ ಅವಸರವಿರಲಿಲ್ಲ. ನಾಲ್ಕನೆಯ ದಿನ ಬೆಳಗಿನ ಐದಕ್ಕೆ ಹೆಂಡತಿ ಎಬ್ಬಿಸಿದಾಗ, ಮೋಡವಿರುವುದೆಂದು ನಾವು ತಿಳಿದಿದ್ದ ಎತ್ತರಕ್ಕಿಂತಲೂ ಮೇಲೆ, ಆಕಾಶದ ಅರ್ಧವನ್ನು ತುಂಬಿ ಅದು ನಿಂತಿತ್ತು. ಮರುವರ್ಷ ಅಪ್ಪ-ಅಮ್ಮನೊಂದಿಗೆ ಡೆನಾಲಿ ರಾಷ್ಟ್ರೀಯ ಉದ್ಯಾನದ ಬಾಗಿಲಿನ ಬಳಿ ನಮಗಿದ್ದದ್ದು ಎರಡೇ ರಾತ್ರಿ, ತಿಂಗಳುಗಳ ಮುಂಚೆ ಕಾಯ್ದಿರಿಸಿದ್ದವು. 2021ರ ಭೂಕುಸಿತದಿಂದಾಗಿ ಉದ್ಯಾನದೊಳಗಿನ ಬಸ್ಸು ಅಲ್ಲಿನ ರಸ್ತೆಯ 43ನೆಯ ಮೈಲಿಯವರೆಗೆ ಮಾತ್ರ ಹೋಗುತ್ತಿತ್ತು. ಹೋಗಿ ಬರುವಷ್ಟು ಹೊತ್ತೂ ಅಪ್ಪ ಕಿಟಕಿಗೆ ಮುಖವಿಟ್ಟು ಕುಳಿತಿದ್ದರು. ಕಂಡದ್ದು ಒಂದು ಹಿಂಡು ಕ್ಯಾರಿಬೂ ಜಿಂಕೆ ಮತ್ತು ಮೋಡ.

ಅಪ್ಪ-ಅಮ್ಮ ಮುಂದಿನ ಬೇಸಿಗೆಗೆ ಮತ್ತೆ ಬರುವವರಿದ್ದಾರೆ. ಈ ಸಲವೂ ವಿಮಾನ, ಆಂಕರೇಜ್, ಬಾಡಿಗೆ ಗಾಡಿ ಎಂದೇ ತೀರ್ಮಾನಿಸಿದ್ದೇವೆ. ಆದರೆ ದಿನಗಳನ್ನು ಹನ್ನೆರಡರಿಂದ ಹದಿನೆಂಟಕ್ಕೆ ಏರಿಸಿ, ಹೋಮರ್ ಬಿಟ್ಟು, ಡೆನಾಲಿಗೆ ಐದು ರಾತ್ರಿ ಇಟ್ಟಿದ್ದೇವೆ.