ನೀಲಿ ಸ್ಟಿಕರ್ ಕಿತ್ತು ಡಬ್ಬಿಯ ತಳ ನೋಡಿ, ಆಮೇಲೆ ದುಡ್ಡು ಕೊಡಿ

ರಾಯಚೂರಿನವರೆಲ್ಲ ದಯವಿಟ್ಟು ಇದನ್ನು ಓದಿ. ನಮ್ಮ ಬಜಾರಿನಲ್ಲಿ ‘ಫ್ರೀಜರ್ ಸೇಫ್’ ಅಂತ ನೀಲಿ ಸ್ಟಿಕರ್ ಅಂಟಿಸಿದ ಗಾಜಿನಂಥ ಪ್ಲಾಸ್ಟಿಕ್ ಡಬ್ಬಿ ಮಾರುತ್ತಿದ್ದಾರೆ. ತಗೊಳ್ಳಬೇಡಿ. ಈಗಾಗಲೇ ತಗೊಂಡಿದ್ದರೆ ಅದರಲ್ಲಿ ಸಾರು, ಪಲ್ಯ ಹಾಕಿ ಫ್ರೀಜರ್‌ಗೆ ಇಡಬೇಡಿ. ನಮ್ಮ ಅತ್ತೆಯ ಬಾಯಲ್ಲಿ ಪ್ಲಾಸ್ಟಿಕ್ ಚೂರು ಸಿಕ್ಕಿದೆ. ಅದೇ ತುತ್ತು ನನ್ನ ಸಣ್ಣ ಮಗಳ ಬಾಯಿಗೆ ಹೋಗಿದ್ದರೆ? ಇದನ್ನು ಬರೆಯುವಾಗಲೂ ಕೈ ನಡುಗುತ್ತಿದೆ.

ನಮ್ಮ ಮನೆಯಲ್ಲಿ ಇಬ್ಬರೂ ದುಡಿಯುವವರು. ಮನೆಯವರದು ಶಕ್ತಿನಗರದಲ್ಲಿ ಶಿಫ್ಟ್ ಕೆಲಸ, ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಭಾನುವಾರ ಒಟ್ಟಿಗೆ ಬ್ಯಾಳಿ ಸಾರು, ಮಡಕಿ ಕಾಳು ಪಲ್ಯ, ಎಣ್ಣೆಗಾಯಿ ಮಾಡಿ ಫ್ರೀಜರ್‌ನಲ್ಲಿ ಇಟ್ಟುಬಿಟ್ಟರೆ ವಾರ ಸಲೀಸಾಗಿ ಕಳೆಯುತ್ತದೆ. ಕಟಕ ರೊಟ್ಟಿ ಮನೆಯಲ್ಲಿ ಇದ್ದೇ ಇರುತ್ತದೆ. ಬೇಕಾದ್ದು ಡಬ್ಬಿ ಮಾತ್ರ.

ಅಂಗಡಿಗೆ ಹೋದಾಗ ನಾನು ಸ್ಪಷ್ಟವಾಗಿ ಹೇಳಿದೆ. ಬರೀ ಫ್ರಿಜ್‌ಗಲ್ಲ, ಮೇಲಿನ ಫ್ರೀಜರ್‌ಗೆ ಬೇಕು, ಸಾರು ಗಡ್ಡೆ ಕಟ್ಟೋ ಹಾಗೆ ಇಡ್ತೀನಿ ಅಂತ ಎರಡೆರಡು ಸಲ ಹೇಳಿದೆ. ಮಾಲೀಕರು ಡಬ್ಬಿ ತಿರುಗಿಸಿ ತಳದ ಸ್ಟಿಕರ್ ಮೇಲೆ ಬೆರಳಿಟ್ಟು ತೋರಿಸಿದರು. “ಅಕ್ಕಾರ, ಇಲ್ಲೇ ಬರದಾರ ನೋಡ್ರಿ. ಕಣ್ಣು ಮುಚ್ಚಿ ಒಯ್ರಿ. ಫ್ರೀಜರ್‌ನ್ಯಾಗೂ ನಡೀತದ, ಓವನ್‌ನ್ಯಾಗೂ ನಡೀತದ. ನಮ್ಮ ಮನ್ಯಾಗೂ ಇವೇ ಅವ.” ಹತ್ತು ಡಬ್ಬಿಯ ಸೆಟ್‌ಗೆ 1,450 ಹೇಳಿದರು, ಚೌಕಾಸಿ ಮಾಡಿ 1,300 ಕೊಟ್ಟೆ. ಬಿಲ್ ಕೇಳಿದರೆ ‘ಎಸ್ಟಿಮೇಟ್’ ಅಂತ ಬರೆದ ಒಂದು ಚೀಟಿ ಹರಿದು ಕೊಟ್ಟರು. ಆ ಚೀಟಿಯಲ್ಲಿ ಅಂಗಡಿ ಹೆಸರೂ ಇಲ್ಲ.

ಮೊದಲ ವಾರವೇ ಒಂದು ಡಬ್ಬಿಯ ಮುಚ್ಚಳ ತೆಗೆಯುವಾಗ ಟಪ್ ಅಂತ ಅರ್ಧಕ್ಕೆ ಮುರಿಯಿತು. ಆ ಪಲ್ಯ ಪೂರ್ತಿ ಚೆಲ್ಲಿದೆ. ಇನ್ನೊಂದು ಡಬ್ಬಿಯ ಮೂಲೆ ಒಳಗೇ ಸೀಳಿ ಚೂರಾಗಿತ್ತು, ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ. ಆ ಸಾರನ್ನು ಕರಗಿಸಿ ಕುದಿಸಿ ಅತ್ತೆಗೆ ಬಡಿಸಿದೆ. ಎರಡು ತುತ್ತು ತಿಂದವರು ಬಾಯಿಂದ ಏನೋ ತೆಗೆದು ತಟ್ಟೆಯ ಅಂಚಿಗೆ ಇಟ್ಟರು. ಬ್ಯಾಳಿ ಹತ್ತಿಕೊಂಡಿತ್ತು, ತೊಳೆದು ನೋಡಿದರೆ ಕಲ್ಲುಸಕ್ಕರೆ ಚೂರಿನ ಹಾಗೆ ಹೊಳೆಯುತ್ತಿತ್ತು. ಒಂದು ಕಡೆ ಬ್ಲೇಡಿನಷ್ಟು ಚೂಪು. ಅವರ ನಾಲಿಗೆ ಸ್ವಲ್ಪ ಕುಯ್ದಿತ್ತು. “ಇರ್ಲಿ ಬಿಡವ್ವ, ನುಂಗಿಲ್ಲಲ್ಲ” ಅಂದರು ಅತ್ತೆ. ನನಗೆ ಅಳು ಬಂತು.

ಒಡೆದ ಡಬ್ಬಿಯನ್ನು ಬಿಸಿನೀರಲ್ಲಿ ತೊಳೆಯುವಾಗ ಸ್ಟಿಕರ್‌ನ ಮೂಲೆ ಎದ್ದಿತು. ಉಗುರಿನಿಂದ ಎಳೆದೆ. ಕೆಳಗೆ ಅಚ್ಚಿನಲ್ಲೇ ಮೂಡಿಸಿದ ತ್ರಿಕೋನ, ಒಳಗೆ ಯಾವ ಪ್ಲಾಸ್ಟಿಕ್ ಅಂತ ಹೇಳುವ ಅಂಕಿ 6, ಅದರ ಕೆಳಗೆ ಇಂಗ್ಲಿಷಿನಲ್ಲಿ ಪಿ.ಎಸ್. ಮಿಕ್ಕ ಡಬ್ಬಿಗಳನ್ನೂ ತಂದು ಒಂದೊಂದಾಗಿ ಸ್ಟಿಕರ್ ಕಿತ್ತೆ. ಎಲ್ಲದರಲ್ಲೂ ಅದೇ. ಎಲ್ಲದರಲ್ಲೂ ಸ್ಟಿಕರ್ ಸರಿಯಾಗಿ ಆ ತ್ರಿಕೋನದ ಮೇಲೆಯೇ! ಡಬ್ಬಿಯ ಪಕ್ಕದಲ್ಲಿ, ಮುಚ್ಚಳದ ಮೇಲೆ ಬೇಕಾದಷ್ಟು ಜಾಗ ಇತ್ತು. ಅಲ್ಲೆಲ್ಲೂ ಅಂಟಿಸಿಲ್ಲ. ಆಗ ಗೊತ್ತಾಯಿತು ಮಾಲೀಕರು ಬೆರಳಿಟ್ಟು ತೋರಿಸಿದ್ದು ಏನನ್ನು, ಮುಚ್ಚಿದ್ದು ಏನನ್ನು ಅಂತ. ಅಡುಗೆಮನೆಯಲ್ಲಿ ಡಬ್ಬಿ ಹರವಿಕೊಂಡು ಎಷ್ಟೋ ಹೊತ್ತು ಹಾಗೇ ಕೂತಿದ್ದೆ. ನನ್ನ ಕಣ್ಣೆದುರೇ, ನಾನು ಕೇಳಿದ ಪ್ರಶ್ನೆಗೇ ಸುಳ್ಳು ಹೇಳಿದ್ದಾರೆ.

ನನ್ನ ತಮ್ಮನಿಗೆ ಪ್ಲಾಸ್ಟಿಕ್ ಪೈಪಿನ ವ್ಯಾಪಾರ. ಫೋಟೋ ಕಳಿಸಿದೆ. “ಅಕ್ಕಾ, ಇದು ಪಾಲಿಸ್ಟೈರೀನ್. ಹಳೆ ಸಿ.ಡಿ. ಕವರ್ ಇರ್ತಿದ್ವಲ್ಲ, ಅದೇ ಮಾಲು. ಮೊದಲೇ ಬಿರುಸು, ತಂಡಿಯೊಳಗ ತಡಿಯಂಗಿಲ್ಲ. ಓವನ್‌ಗಂತೂ ಇಡಲೇಬ್ಯಾಡ, 100 ಡಿಗ್ರಿ ಹತ್ರಕ್ಕೆ ಬಂದ್ರ ಮೆತ್ತಗಾಗ್ತದ” ಅಂದ. ಮನೆಯ ಫ್ರೀಜರ್ ಇರೋದು -18 ಡಿಗ್ರಿ ಆಸುಪಾಸು. ಇದನ್ನು ಓವನ್ನಿಗೂ ನಡೀತದ ಅಂತ ಹೇಳಿ ಮಾರಿದ್ದಾರೆ. ಯೋಚನೆ ಮಾಡಿ.

ಚೂರು, ಸ್ಟಿಕರ್, ಒಡೆದ ಡಬ್ಬಿ ಎಲ್ಲ ತಗೊಂಡು ಅಂಗಡಿಗೆ ಹೋದೆ. ಅಲ್ಲಿ ಬಂದ ಉತ್ತರಗಳನ್ನು ಹಾಗೇ ಬರೆಯುತ್ತೇನೆ.

ಮೊದಲು, “ಬಿಸಿ ಸಾರು ಹಾಕಿ ಇಟ್ಟಿರ್ತೀರಿ ಅಕ್ಕಾರ.” ಇಲ್ಲ. ನಾನು ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು ಕೈಯಾಡಿಸಿ ಆರಿಸಿಯೇ ಡಬ್ಬಿಗೆ ಹಾಕೋದು. ನಮ್ಮೂರ ಬಿಸಿಲಿಗೆ ಅಡುಗೆಯನ್ನು ಹೊರಗೆ ಒಂದು ಗಂಟೆಗಿಂತ ಜಾಸ್ತಿ ಬಿಡಬಾರದು, ಕೆಡುತ್ತದೆ. ಹಾಗಂತ ಬಿಸಿ ಬಿಸಿಯಾಗಿ ಫ್ರೀಜರ್‌ಗೆ ಯಾರು ಇಡ್ತಾರೆ?

ಆಮೇಲೆ, “ಹಂಗಾರ ಗಂಟಲಮಟ ತುಂಬಿರ್ತೀರಿ.” ನೀರು ಹೆಪ್ಪುಗಟ್ಟಿದರೆ ಸುಮಾರು 9% ಹಿಗ್ಗುತ್ತದೆ ಅಂತ ಮಕ್ಕಳಿಗೆ ಪಾಠ ಮಾಡುವವಳು ನಾನು. ಪ್ರತಿ ಡಬ್ಬಿಯಲ್ಲೂ ಮೇಲೆ ಒಂದು ಬೆರಳಿಗಿಂತ ಜಾಸ್ತಿ ಜಾಗ ಬಿಟ್ಟಿದ್ದೆ. ಅದನ್ನೂ ಹೇಳಿದೆ. ಆಗ ಕರೆಂಟ್ ಹೋಗಿ ಬಂದಿರುತ್ತದೆ ಅಂದರು. ಕರೆಂಟ್ ಹೋದರೆ ಡಬ್ಬಿ ಒಡೆಯುತ್ತಾ?

ಸ್ಟಿಕರ್ ತೆಗೆದು ಕೌಂಟರ್ ಮೇಲಿಟ್ಟೆ. “ಅದು ಕಂಪನಿಯೋರು ಅಂಟಿಸಿದ್ದು, ನಮಗೇನ್ ಗೊತ್ತರೀ” ಅಂದರು. ನಾನು ರ್ಯಾಕ್ ಕಡೆ ತಿರುಗಿದೆ. ಅಲ್ಲಿ ಬೇರೆ ಕಂಪನಿಯ ಡಬ್ಬಿಗಳಿದ್ದವು, ಖಾರಾ ಹಾಕಿಡುವ ಗುಂಡು ಡಬ್ಬಿಗಳಿದ್ದವು. ಎಲ್ಲದಕ್ಕೂ ಅದೇ ನೀಲಿ ಸ್ಟಿಕರ್, ಅದೇ ಅಕ್ಷರ. ಇಷ್ಟೂ ಕಂಪನಿಗಳು ಸೇರಿ ಒಂದೇ ಸ್ಟಿಕರ್ ಮಾಡಿಸಿವೆಯಾ ಅಂತ ಕೇಳಿದೆ. ಕೆಲಸದ ಹುಡುಗ ತಲೆ ತಗ್ಗಿಸಿದ. ಮಾಲೀಕರು ಹುಡುಗನನ್ನು ಗೋಡೌನ್‌ಗೆ ಕಳಿಸಿದರು.

ಆಮೇಲೆ ಹೇಳಿದ ಮಾತು ಕೇಳಿ. “ನೀವು ಓದಿದವ್ರು ಅದೀರಿ, ಟೀಚರ್ ಅಂತೀರಿ. ತಳದಾಗಿನ ನಂಬರ್ ನೋಡಿ ತಗೋಬೇಕಾಗಿತ್ತಲ್ಲರೀ.” ಯಾವ ನಂಬರ್ ನೋಡಬೇಕಿತ್ತು ನಾನು? ನೀವೇ ಮುಚ್ಚಿಟ್ಟಿದ್ದನ್ನಾ? ಪಕ್ಕದಲ್ಲಿ ಸ್ಟೀಲ್ ತಟ್ಟೆ ನೋಡುತ್ತಿದ್ದ ಗಿರಾಕಿಗಳು ನಕ್ಕರು. ಏನೋ ಜಗಳಗಂಟಿ ಬಂದಿದ್ದಾಳೆ ಅನ್ನೋ ಹಾಗೆ ನೋಡಿದರು. ಆ ಅವಮಾನ ಇನ್ನೂ ಹೋಗಿಲ್ಲ. ದುಡ್ಡು ಹೋದದ್ದಕ್ಕಿಂತ ಅದೇ ಜಾಸ್ತಿ ಚುಚ್ಚುತ್ತಿದೆ.

ಕೊನೆಗೆ, 300 ರೂಪಾಯಿ ಮೇಲೆ ಕೊಟ್ಟರೆ ಗಾಜಿನ ಜಾರ್ ಕೊಡ್ತೀನಿ ಅಂದರು. “ಇವನ್ನ ಫ್ರೀಜರ್‌ನಿಂದ ತಗದು ಸೀದಾ ಕುದಿಯೋ ನೀರಾಗ ಇಡ್ರಿ, ಏನೂ ಆಗಂಗಿಲ್ಲ.” ಎಂಥ ಮಾತು! ಅವು ಕತ್ತಿನ ಹತ್ತಿರ ಕಿರಿದಾಗುವ ಜಾರ್‌ಗಳು. ಸಾರು ಹಿಗ್ಗಿದಾಗ ಮೇಲೆ ಹೋಗಲು ಜಾಗ ಇಲ್ಲದೆ ಆ ಭುಜದ ಹತ್ತಿರವೇ ಸೀಳುತ್ತವೆ. ಬಿಸಿ ತಡೆಯುವ ಬೋರೋಸಿಲಿಕೇಟ್ ಗಾಜಾದರೂ ಗಡ್ಡೆ ಕಟ್ಟಿದ್ದನ್ನು ಒಮ್ಮೆಲೇ ಕುದಿಯೋ ನೀರಿಗೆ ಇಟ್ಟರೆ ಒಡೆಯಬಹುದು, ಇನ್ನು ಮಾಮೂಲಿ ಗಾಜಿನ ಪಾಡು ಕೇಳಬೇಕಾ? ಪ್ಲಾಸ್ಟಿಕ್ ಚೂರು ಆಯ್ತು, ಇನ್ನು ಗಾಜಿನ ಚೂರು ತಿನ್ನಿಸಬೇಕಾ ಅತ್ತೆಗೆ? ಬೇಡ, ನನ್ನ ದುಡ್ಡು ಕೊಡಿ ಅಂದೆ. ಮಾರಿದ ಸಾಮಾನು ವಾಪಸ್ ಇಲ್ಲ ಅನ್ನೋ ಬೋರ್ಡ್ ತೋರಿಸಿದರು.

ಅಂಗಡಿಯವರನ್ನು ನಂಬಬೇಡಿ, ತಳದಲ್ಲಿ ಅಚ್ಚಾಗಿ ಮೂಡಿರುವುದನ್ನಷ್ಟೇ ನಂಬಿ. 6 ಇದ್ದರೆ ಮುಟ್ಟಲೇಬೇಡಿ. 2, 4 ಚಳಿಗೆ ಬಾಗುತ್ತವೆ, ಒಡೆಯುವುದು ಕಡಿಮೆ. 5 ಅಂದರೆ ಪಾಲಿಪ್ರೊಪಿಲೀನ್, ಮೈಕ್ರೋವೇವ್ ಓವನ್ನಿಗೆ ಪರವಾಗಿಲ್ಲ, ಆದರೆ ಅದರಲ್ಲೂ ಅಗ್ಗದ್ದು ಸೊನ್ನೆಗಿಂತ ಕೆಳಗೆ ಬಿರುಸಾಗುತ್ತದೆ. ಅದಕ್ಕೇ 5 ಇದ್ದರೂ ಪಕ್ಕದಲ್ಲಿ ಹಿಮದ ಹಳಕಿನ ಗುರುತು ಇದೆಯಾ ನೋಡಿ, ಅದೂ ಅಚ್ಚಿನಲ್ಲೇ ಇರಬೇಕು, ಸ್ಟಿಕರ್ ಅಲ್ಲ. ನಾನಂತೂ ಈಗ ಅಗಲ ಬಾಯಿಯ ಸ್ಟೀಲ್ ಡಬ್ಬಿಗೆ ಬಂದಿದ್ದೇನೆ. ಓವನ್ನಿಗೆ ಇಡೋಕಾಗಲ್ಲ ನಿಜ, ರಾತ್ರಿ ಕೆಳಗಿನ ಫ್ರಿಜ್‌ಗೆ ಇಳಿಸಿಟ್ಟರೆ ಬೆಳಿಗ್ಗೆ ಸಡಿಲಾಗಿರುತ್ತದೆ, ಪಾತ್ರೆಗೆ ಸುರಿದು ಕುದಿಸುತ್ತೇನೆ. ಮತ್ತೆ, ಎಸ್ಟಿಮೇಟ್ ಚೀಟಿ ಕೊಟ್ಟರೆ ಅಲ್ಲೇ ನಿಂತು ಪಕ್ಕಾ ಬಿಲ್ ಕೇಳಿ.

ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕ ಇಲ್ಲ. ಚೀಟಿಯಲ್ಲಿ ಅಂಗಡಿ ಹೆಸರಿಲ್ಲದಿದ್ದರೂ ದುಡ್ಡು ಹೋದದ್ದು ಫೋನ್‌ಪೇಯಲ್ಲಿ, ಅದರ ದಾಖಲೆ ನನ್ನ ಹತ್ತಿರ ಇದೆ. ನಿಮ್ಮ ಮನೆಯಲ್ಲೂ ಈ ನೀಲಿ ಸ್ಟಿಕರ್ ಡಬ್ಬಿ ಇದ್ದರೆ ಸ್ಟಿಕರ್ ಕೀಳುವ ಮೊದಲೊಂದು, ಕಿತ್ತ ಮೇಲೊಂದು ಫೋಟೋ ತೆಗೆದು ನನಗೆ ಕಳಿಸಿ. ನನ್ನೊಬ್ಬಳದೇ ದೂರಾದರೆ ಮತ್ತೆ ‘ಗಂಟಲಮಟ ತುಂಬಿರ್ತೀರಿ’ ಅಂತಾರೆ.