ಸ್ಟ್ರಾಂಗ್ಸ್ ಕನ್ಕಾರ್ಡನ್ಸ್: ‘ಬಾರಾ’ ಎಂಬ ಒಂದೇ ಕ್ರಿಯಾಪದವನ್ನು ಹಿಡಿದು ಮಾಡಿದ ಪರೀಕ್ಷೆ

ಶಿವಮೊಗ್ಗದಲ್ಲಿ ವಾರಕ್ಕೊಮ್ಮೆ ಕೂಡಿ ಸತ್ಯವೇದ (ಬೈಬಲ್) ಓದುವ ನಮ್ಮ ಗುಂಪಿನಲ್ಲಿ ‘ಮೂಲ ಹೀಬ್ರೂವಿನಲ್ಲಿ ಏನಿದೆ’ ಎಂಬ ಪ್ರಶ್ನೆ ಎದ್ದಾಗಲೆಲ್ಲ ಕೈಗೆ ಬರುವ ಪುಸ್ತಕ ಜೇಮ್ಸ್ ಸ್ಟ್ರಾಂಗ್ 1890ರಲ್ಲಿ ಪ್ರಕಟಿಸಿದ ಶಬ್ದಾನುಕ್ರಮಣಿಕೆ. 1611ರ ಕಿಂಗ್ ಜೇಮ್ಸ್ ಇಂಗ್ಲಿಷ್ ಭಾಷಾಂತರದ ಪದಗಳನ್ನು ಅಕಾರಾದಿಯಾಗಿ ಜೋಡಿಸಿ, ಪ್ರತಿಯೊಂದು ಪದದ ಹಿಂದಿರುವ ಮೂಲಶಬ್ದಕ್ಕೆ ಒಂದು ಸಂಖ್ಯೆ ಕೊಟ್ಟು, ಆ ಸಂಖ್ಯೆಯ ಅರ್ಥವನ್ನು ಕೊನೆಯಲ್ಲಿರುವ ಕಿರುನಿಘಂಟಿನಲ್ಲಿ ವಿವರಿಸುವ ಏರ್ಪಾಡು ಇದರದು. ಹೀಬ್ರೂ ಭಾಗದ ಸಂಖ್ಯೆಗಳು 8674ರವರೆಗೆ, ಗ್ರೀಕ್ ಭಾಗದವು 5624ರವರೆಗೆ ಹೋಗುತ್ತವೆ. ಹೀಬ್ರೂ ಲಿಪಿಯನ್ನೇ ಅರಿಯದವನು ಕೂಡ ಇದರ ನೆರವಿನಿಂದ ಮೂಲಪದದ ಹೊಸ್ತಿಲವರೆಗೆ ಹೋಗಬಲ್ಲನೆಂಬುದು ನಿಜ. ಆದರೆ ಒಳಗೆ ಹೋದಂತೆ ಅವನಿಗೆ ಅನಿಸಿಬಿಡುತ್ತದೆ ಎಂಬುದೇ ನನ್ನ ತಕರಾರು. ಅದನ್ನು ವಿವರಿಸಲು ಇಡೀ ಸಂಪುಟವನ್ನು ಅಳೆಯುವುದಕ್ಕಿಂತ ಒಂದೇ ಕ್ರಿಯಾಪದವನ್ನು ಹಿಡಿದು ನೋಡುವುದು ಲೇಸು.

ಆ ಕ್ರಿಯಾಪದ ಸತ್ಯವೇದದ ಮೊದಲ ವಾಕ್ಯದಲ್ಲೇ ಇದೆ. ‘ಆದಿಯಲ್ಲಿ ದೇವರು ಆಕಾಶವನ್ನೂ ಭೂಮಿಯನ್ನೂ ಉಂಟುಮಾಡಿದನು’ ಎಂಬಲ್ಲಿ ‘ಉಂಟುಮಾಡಿದನು’ ಎಂದಿರುವುದರ ಮೂಲ ‘ಬಾರಾ’; ಸ್ಟ್ರಾಂಗ್ ಕೊಟ್ಟ ಸಂಖ್ಯೆ 1254. ಇದೊಂದು ಸಂಖ್ಯೆಯನ್ನು ಬೆನ್ನಟ್ಟಿ ಹೋದರೆ ಪುಸ್ತಕದ ಗುಣ ಚೆನ್ನಾಗಿ ತಿಳಿಯುತ್ತದೆ. ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಆಕಾಶಭೂಮಿಗಳ ವಿಷಯದಲ್ಲಿ ಒಮ್ಮೆ, 21ನೆಯ ವಚನದಲ್ಲಿ ಸಮುದ್ರದ ಮಹಾಜಂತುಗಳ ವಿಷಯದಲ್ಲಿ ಒಮ್ಮೆ ಬರುವ ಈ ಪದ, ಮನುಷ್ಯಸೃಷ್ಟಿಯನ್ನು ಹೇಳುವ 27ನೆಯ ವಚನವೊಂದರಲ್ಲೇ ಮೂರು ಸಲ ಬರುತ್ತದೆ. ಆದರೂ ಇದು ಹೆಚ್ಚು ಸಲ ಕಾಣಿಸಿಕೊಳ್ಳುವುದು ಆದಿಕಾಂಡದಲ್ಲಲ್ಲ, ಯೆಶಾಯನ ಗ್ರಂಥದಲ್ಲಿ, ಅದರಲ್ಲೂ 40ನೆಯ ಅಧ್ಯಾಯದಿಂದ ಮುಂದೆ, ಬಾಬೆಲಿನ ಸೆರೆಯಲ್ಲಿದ್ದ ಜನರಿಗೆ ಸಮಾಧಾನ ಹೇಳುವ ಭಾಗದಲ್ಲಿ. ಸೃಷ್ಟಿಯ ಮಾತು ಲೋಕದ ಆರಂಭವನ್ನು ತಿಳಿಸಲಷ್ಟೇ ಅಲ್ಲ, ಎಲ್ಲವನ್ನೂ ಕಳೆದುಕೊಂಡವರಿಗೆ ಹೊಸ ಆರಂಭವಿದೆಯೆಂದು ಭರವಸೆ ಕೊಡಲೂ ಬಳಕೆಯಾಗಿದೆ ಎಂಬುದು ಈ ಪುಸ್ತಕದ ಪಟ್ಟಿಯನ್ನು ಬೆರಳಿಟ್ಟು ನೋಡಿದವನಿಗೆ ಯಾವ ಬೋಧಕರ ಪ್ರಸಂಗವನ್ನೂ ಕೇಳದೆ ಹೊಳೆಯುತ್ತದೆ. ‘ಶುದ್ಧಹೃದಯವನ್ನು ನನ್ನಲ್ಲಿ ಉಂಟುಮಾಡು’ ಎಂದು 51ನೆಯ ಕೀರ್ತನೆ ಬೇಡುವುದೂ ಇದೇ ಪದದಿಂದ. ಕನ್ನಡದ ಕ್ರಿಯಾಪದವನ್ನಷ್ಟೇ ನೋಡಿ ಮೂಲದಲ್ಲಿ ಯಾವುದಿದೆಯೆಂದು ಊಹಿಸಲಾಗದ ನಮ್ಮಂಥವರಿಗೆ ಇಷ್ಟು ಸಿಕ್ಕರೆ ಅದೇನೂ ಸಣ್ಣ ಲಾಭವಲ್ಲ.

ಇನ್ನೊಂದು ಉಪಕಾರವೂ ಇದೆ. ‘ಬಾರಾ ಎಂದರೆ ಶೂನ್ಯದಿಂದ ಸೃಷ್ಟಿಸುವುದು, ಆಸಾ ಎಂದರೆ ಇರುವುದರಿಂದ ಮಾಡುವುದು’ ಎಂದು ಗೆರೆ ಎಳೆದಂತೆ ಹೇಳುವ ಪ್ರಸಂಗಗಳನ್ನು ನಾವು ಕೇಳಿಯೇ ಇರುತ್ತೇವೆ. ಸಂಖ್ಯೆ 1254ರ ಪಕ್ಕಕ್ಕೆ ‘ಆಸಾ’ದ 6213ನ್ನೂ, ಕುಂಬಾರನ ಕೆಲಸಕ್ಕೂ ಬಳಸುವ ‘ಯಾತ್ಸರ್’ನ 3335ನ್ನೂ ಇಟ್ಟು ನೋಡಿದರೆ ಆ ಗೆರೆ ನಿಲ್ಲುವುದಿಲ್ಲ. ಆದಿಕಾಂಡ 1:26ರಲ್ಲಿ ಮನುಷ್ಯರನ್ನು ಮಾಡೋಣ ಎಂಬಲ್ಲಿ ‘ಆಸಾ’ ಇದ್ದು, ಮರುವಚನದಲ್ಲೇ ಅದೇ ಕಾರ್ಯಕ್ಕೆ ‘ಬಾರಾ’ ಬಂದಿದೆ; ಯೆಶಾಯ 43:7ರಲ್ಲಂತೂ ಮೂರೂ ಕ್ರಿಯಾಪದಗಳು ಒಂದೇ ಉಸಿರಿನಲ್ಲಿ ಬರುತ್ತವೆ. ಸೃಷ್ಟಿಸು ಎಂಬ ಅರ್ಥದಲ್ಲಿ ಈ ಪದದ ಕರ್ತೃ ಯಾವಾಗಲೂ ದೇವರೇ ಆಗಿರುತ್ತಾನೆ, ಯಾವ ವಸ್ತುವಿನಿಂದ ಮಾಡಿದನೆಂಬುದನ್ನು ಈ ಪದದ ಜೊತೆ ಹೇಳುವುದಿಲ್ಲ ಎಂಬಷ್ಟು ಮಾತ್ರ ಖಚಿತ. ಶೂನ್ಯದ ವಿಚಾರ ದೇವಜ್ಞಾನದ ಚರ್ಚೆಗೆ ಸೇರಿದ್ದು. ಅದು ಸರಿಯೇ ಇರಬಹುದು, ಆದರೆ ಅದನ್ನು ಈ ಪದವೊಂದರ ತಲೆಗೆ ಕಟ್ಟಲಾಗದು.

ಕಷ್ಟ ಮೊದಲಾಗುವುದು ಕೊನೆಯ ಕಿರುನಿಘಂಟನ್ನು ತೆರೆದಾಗ. ಅಲ್ಲಿ 1254ರ ಕೆಳಗೆ ಸೃಷ್ಟಿಸು ಎಂಬುದರ ಜೊತೆಗೆ ಮರ ಕಡಿ, ಆರಿಸು, ಉಣಿಸು ಎಂಬ ಅರ್ಥಗಳನ್ನೂ ಒಂದೇ ಸಾಲಿನಲ್ಲಿ ಕೊಟ್ಟಿದೆ. ಮರ ಕಡಿಯುವ ಅರ್ಥ ಬಂದಿರುವುದು ಯೆಹೋಶುವನ ಗ್ರಂಥದ 17ನೆಯ ಅಧ್ಯಾಯದಿಂದ. ಕಾನಾನ್ ನೆಲದ ಹಂಚಿಕೆಯಲ್ಲಿ ತಮಗೆ ಬಂದ ಪಾಲು ಸಾಲದೆಂದು ಯೋಸೇಫನ ವಂಶದವರು ದೂರಿದಾಗ, ‘ನೀವು ದೊಡ್ಡ ಜನವಾದರೆ ಮೇಲಿನ ಕಾಡಿಗೆ ಹೋಗಿ ಸವರಿಕೊಳ್ಳಿ, ಬೆಟ್ಟದ ಸೀಮೆ ನಿಮ್ಮದೇ’ ಎಂಬರ್ಥದ ಉತ್ತರವನ್ನು ಯೆಹೋಶುವ ಕೊಡುತ್ತಾನೆ. (ಶರಾವತಿ ಮುಳುಗಡೆಯಲ್ಲಿ ನೆಲ ಕಳೆದುಕೊಂಡು ಕಾಡಿನ ನಡುವೆ ಹೊಸದಾಗಿ ಗದ್ದೆ ಮಾಡಿಕೊಂಡವರ ಮನೆಯವರೂ ಬಗರ್‌ಹುಕುಂ ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೆ ಅಲೆದವರೂ ಇರುವ ಈ ಸೀಮೆಯಲ್ಲಿ ಆ ಅಧ್ಯಾಯಕ್ಕೆ ವ್ಯಾಖ್ಯಾನವೇ ಬೇಕಾಗುವುದಿಲ್ಲ.) ಉಣಿಸುವ ಅರ್ಥದ ಮೂಲ 1 ಸಮುವೇಲ 2:29, ಯಾಜಕನಾದ ಏಲಿಯೂ ಅವನ ಮಕ್ಕಳೂ ಕಾಣಿಕೆಯ ಶ್ರೇಷ್ಠಭಾಗವನ್ನು ತಿಂದು ಕೊಬ್ಬಿದರೆಂಬ ಆಕ್ಷೇಪದ ಮಾತು.

ಹೀಬ್ರೂ ಕ್ರಿಯಾಪದಕ್ಕೆ ಧಾತುವಿನ ಜೊತೆಗೆ ಅದು ತಾಳುವ ರೂಪಭೇದವೂ ಮುಖ್ಯ. ದೇವರು ಸೃಷ್ಟಿಸಿದನೆಂಬಲ್ಲಿ ಇರುವುದು ‘ಕಲ್’ ಎಂಬ ಸರಳ ರೂಪ, ಸೃಷ್ಟಿಸಲ್ಪಟ್ಟಿತೆಂಬಲ್ಲಿ ‘ನಿಫಾಲ್’; ಕಾಡು ಸವರುವಲ್ಲಿ ಇರುವುದು ‘ಪಿಏಲ್’, ಕೊಬ್ಬುವಲ್ಲಿ ‘ಹಿಫೀಲ್’. ಯೆಹೆಜ್ಕೇಲ 23:47ರಲ್ಲಿ ಕತ್ತಿಯಿಂದ ಕಡಿದುಹಾಕುವುದಕ್ಕೂ ಪಿಏಲ್ ರೂಪವೇ ಬಂದಿದೆ. ಸ್ಟ್ರಾಂಗ್ ಕೊಟ್ಟ ಸಂಖ್ಯೆ ಈ ರೂಪಗಳನ್ನು ತೋರಿಸುವುದೇ ಇಲ್ಲ. 1906ರಲ್ಲಿ ಹೊರಬಂದ ಬ್ರೌನ್, ಡ್ರೈವರ್ ಮತ್ತು ಬ್ರಿಗ್ಸ್ ಅವರ ನಿಘಂಟು ಪ್ರತಿ ರೂಪವನ್ನೂ ಬೇರೆಬೇರೆಯಾಗಿ ಕೊಟ್ಟು, ಕೊಬ್ಬುವ ಅರ್ಥವನ್ನು ಇನ್ನೊಂದು ಧಾತುವಿಗೇ ಸೇರಿಸುತ್ತದೆ. ಕಡಿಯುವುದನ್ನೂ ಪ್ರತ್ಯೇಕ ಧಾತುವೆಂದೇ ಎಣಿಸುವ ನಿಘಂಟುಗಳು ಆಮೇಲೆ ಬಂದಿವೆ. ಕನ್ನಡದಲ್ಲಿ ನಾಮಪದವಾದ ‘ಅರಸು’ವಿಗೂ ಹುಡುಕುವ ‘ಅರಸು’ವಿಗೂ ಒಂದೇ ಸಂಖ್ಯೆ ಕೊಟ್ಟು, ದೊರೆಯೆಂದರೆ ಹುಡುಕುವವನು ಎಂದು ಯಾರಾದರೂ ಪ್ರಸಂಗ ಮಾಡಿದರೆ ನಾವು ನಕ್ಕುಬಿಡುತ್ತೇವೆ, ಹೀಬ್ರೂವಿನಲ್ಲಿ ಅದನ್ನೇ ಮಾಡಿದಾಗ ಗಂಭೀರವಾಗಿ ತಲೆಯಾಡಿಸುತ್ತೇವೆ. ‘ದೇವರು ಲೋಕವನ್ನು ಕಡಿದು ರೂಪಿಸಿದನು’ ಎಂಬ ಸೊಗಸಾದ ಮಾತು ಈ ಪುಸ್ತಕದ ಒಂದು ಸಾಲಿನಿಂದ ಸಲೀಸಾಗಿ ಹುಟ್ಟುತ್ತದೆ, ಆದಿಕಾಂಡದಿಂದ ಹುಟ್ಟುವುದಿಲ್ಲ.

ಕನ್ನಡ ಓದುಗರಿಗೆ ದಾರಿ ಇನ್ನೂ ಸುತ್ತು. ಕನ್ನಡ ವಚನದಿಂದ ಕಿಂಗ್ ಜೇಮ್ಸ್ ಇಂಗ್ಲಿಷಿಗೆ, ಅಲ್ಲಿಂದ ಸಂಖ್ಯೆಗೆ, ಸಂಖ್ಯೆಯಿಂದ ನಿಘಂಟಿಗೆ ಹೋಗಬೇಕು. ನಾಲ್ಕು ಶತಮಾನಗಳ ಹಿಂದಿನ ಇಂಗ್ಲಿಷ್ ಬಾರದವರು ಮೊದಲ ಮೆಟ್ಟಿಲಲ್ಲೇ ನಿಲ್ಲುತ್ತಾರೆ. ಕೆಲವು ಅಗ್ಗದ ಮರುಮುದ್ರಣಗಳಲ್ಲಿ ನೋಡಲು ಒಂದೇ ಥರ ಇರುವ ರೇಶ್ ಮತ್ತು ದಾಲೆತ್ ಎಂಬ ಹೀಬ್ರೂ ಅಕ್ಷರಗಳನ್ನು ಬೇರ್ಪಡಿಸಿ ಓದಲಾಗದಷ್ಟು ಅಚ್ಚು ಸಣ್ಣದು. ದಪ್ಪ ಸಂಪುಟವಾದ್ದರಿಂದ ಆಷಾಢದ ಮಳೆಯಲ್ಲಿ ಬೂಷ್ಟು ಹಿಡಿಯದಂತೆ ಕಾಪಾಡುವುದೂ ಒಂದು ಕೆಲಸವೇ. ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಉಚಿತ ಆ್ಯಪ್‌ಗಳಲ್ಲಿ ಇಡೀ ಸಾಮಗ್ರಿ ಸಿಗುತ್ತದೆ. ಒಮ್ಮೆ ಇಳಿಸಿಕೊಂಡರೆ ನೆಟ್‌ವರ್ಕ್ ಸಿಗದ ಊರಲ್ಲೂ ನಡೆಯುವಂಥದನ್ನು ಆರಿಸಿಕೊಳ್ಳಬೇಕು.

ಒಂದು ಪದ ಎಲ್ಲೆಲ್ಲಿ ಬಂದಿದೆಯೆಂದು ಹುಡುಕುವುದಕ್ಕೆ ನಾನು ಇದನ್ನು ಯಾರಿಗಾದರೂ ಧೈರ್ಯವಾಗಿ ಹೇಳುತ್ತೇನೆ, ಅದರ ಅರ್ಥವನ್ನು ತೀರ್ಮಾನಿಸುವುದಕ್ಕೆ ಹೇಳುವುದಿಲ್ಲ. ಅದಕ್ಕೆ 1906ರ ಆ ನಿಘಂಟನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು. ಎರಡನ್ನೂ ಸೇರಿಸಿ ಬಳಸುವಾಗ ವಚನಸಂಖ್ಯೆಯ ಕಡೆ ಎಚ್ಚರವಿರಲಿ. ಸ್ಟ್ರಾಂಗ್ ಅನುಸರಿಸುವುದು ಇಂಗ್ಲಿಷ್ ಎಣಿಕೆಯನ್ನು, ನಮ್ಮ ಕನ್ನಡ ಸತ್ಯವೇದದ್ದೂ ಅದೇ; ಹೀಬ್ರೂ ಪ್ರತಿಯಲ್ಲಿ ಕೀರ್ತನೆಯ ಶಿರೋನಾಮೆಯನ್ನೂ ವಚನವೆಂದು ಎಣಿಸುವುದರಿಂದ, ಎರಡು ವಚನಗಳಷ್ಟು ಶಿರೋನಾಮೆಯಿರುವ 51ನೆಯ ಕೀರ್ತನೆಯಲ್ಲಿ ‘ಶುದ್ಧಹೃದಯ’ದ ಮಾತಿರುವ 51:10 ಅಲ್ಲಿ 51:12 ಆಗಿರುತ್ತದೆ.